ಅಜ್ಜಿ ಯಾರ ಪೈಕಿ?

ಈ ಕತೆ ಹೇಳಲು ನಾನು ಯೋಗ್ಯನೇ ಎಂಬ ಅನುಮಾನ ನನಗೇ ಇದೆ. ಆ ಶನಿವಾರ ನಾನು ಅವರ ಜೊತೆ ಹೋಗಿರಲಿಲ್ಲ. ರಾತ್ರಿಶಾಲೆಯ ಪರೀಕ್ಷೆ ಇತ್ತು. ಹೋಗಿ ಬಂದವರೆಲ್ಲರನ್ನೂ ಕೇಳಿ, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ತಾಳೆ ನೋಡಿ ಬರೆದಿದ್ದೇನೆ. ಆದರೂ ತಪ್ಪಿದ್ದರೆ ತಿಳಿದವರು ಮನ್ನಿಸಬೇಕು. ದೆವ್ವ ಎಂಬ ಶಬ್ದವನ್ನು ನಾನಾಗಿ ಬಳಸಿಲ್ಲ. ಬಳಸಿದವರು ಹನುಮವ್ವ.

ಎಲ್ಲಕ್ಕೂ ಕಾರಣ ಒಂದು ಕಂದೀಲು.

ಎಪ್ಪತ್ಮೂರನೆಯ ಇಸವಿ, ದೀಪಾವಳಿ ಮುಗಿದಿತ್ತು. ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ಚಂದ್ರಾಮನೆಂಬ ತರುಣನಿದ್ದ. ವಿಜಾಪುರದ ಕಡೆಯವನು, ಅಂಧೇರಿಯ ಒಂದು ಬಲ್ಬಿನ ಕಾರಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಬಲ್ಬುಗಳನ್ನು ಹುಲ್ಲಿನಲ್ಲಿ ಸುತ್ತಿಟ್ಟು ಸುತ್ತಿಟ್ಟು ಅವನ ನಡಿಗೆ, ಮಾತು ಎಲ್ಲವೂ ಏನೋ ಒಡೆದೀತು ಎಂಬಂತೆ ಮೆತ್ತಗಾಗಿದ್ದವು. ಮದುವೆಯಾಗಿ ಎಂಟು ತಿಂಗಳಾಗಿತ್ತು. ಹೆಂಡತಿ ನೀಲಾಬಾಯಿ ಸಿಂದಗಿಯವಳು. ಒಂದೇ ಖೋಲಿಯಲ್ಲಿ ಅಣ್ಣ ಖಂಡಪ್ಪ, ಅತ್ತಿಗೆ ಕಸ್ತೂರಿಬಾಯಿ, ಇವರಿಬ್ಬರು. ನಡುವೆ ಹಗ್ಗಕ್ಕೆ ಇಳಿಬಿಟ್ಟ ಒಂದು ಹಳೆಯ ಸೀರೆಯೇ ಗೋಡೆ.

ಆ ಗೋಡೆಗೆ ಬಾಯಿಯೂ ಇತ್ತು. ರಾತ್ರಿ ಚಂದ್ರಾಮ ಹೆಂಡತಿಯ ಕಿವಿಯಲ್ಲಿ, "ಚಾದಾಗ ಸಕ್ರಿ ಕಡಿಮಿ ಆಗಿತ್ತು" ಎಂದು ಪಿಸುಗುಟ್ಟಿದರೆ ಪರದೆಯಾಚೆಯಿಂದ ಉತ್ತರ ಬರುತ್ತಿತ್ತು: "ರೇಶನ್ ಸಕ್ರಿ ಮುಗದೈತಿ." "ತಲಿ ನೋಯಾಕತ್ತೈತೇನ?" ಎಂದು ಕೇಳಿದರೆ, "ಸುಂಠಿ ಅರದು ಹಚ್ಚು." ನಿದ್ದೆಗಣ್ಣಿನಲ್ಲಿ ಅತ್ತಿಗೆಯ ದನಿ ಬಹಳ ವಯಸ್ಸಾದವರ ದನಿಯಂತೆ ಗೊಗ್ಗರಾಗಿರುತ್ತಿತ್ತು. ಚಂದ್ರಾಮ ಪ್ರತಿಸಲವೂ, "ಆತ್ರಿ ವೈನಿ, ನೀವು ಮಲಗ್ರಿ" ಎಂದು ಮುಸುಕೆಳೆಯುತ್ತಿದ್ದ. ಬೆಳಿಗ್ಗೆ ಅವಳು ಆ ವಿಷಯ ಎತ್ತುತ್ತಿರಲಿಲ್ಲ. ದೊಡ್ಡ ಗುಣ ಎಂದುಕೊಂಡು ಅವನೂ ಸುಮ್ಮನಿದ್ದ.

ಆದರೆ ಅವನ ಎದೆಯಲ್ಲಿ ಒಂದು ಪ್ರಶ್ನೆ ಸಿಕ್ಕಿಕೊಂಡಿತ್ತು. ಹೆಣ್ಣು ನೋಡಲು ಹೋದ ದಿನ ನೀಲಾ ತಲೆಯೆತ್ತಿ ನೋಡಿರಲಿಲ್ಲ. ಹಿರಿಯರೆಲ್ಲ ಹೂಂ ಎಂದರು, ಅಕ್ಷತೆ ಬಿತ್ತು. ಅವಳಿಗೆ ತಾನು ಹಿಡಿಸಿದ್ದೇನೋ ಇಲ್ಲವೋ? ಇದನ್ನು ಕೇಳಬೇಕಿತ್ತು. ಚಾಳಿನಲ್ಲಿ ಕೇಳಿದರೆ ಉತ್ತರವನ್ನೂ ಅತ್ತಿಗೆಯೇ ಕೊಟ್ಟಾಳು.

ಒಂದು ದಿನ ಅವನ ಸಂಕಟ ಕಂಡು ಕಾರಖಾನೆಯಲ್ಲಿ ಜೊತೆಗೆ ದುಡಿಯುವ ಪಾಸ್ಕಲ್ ನಕ್ಕ. ಪಾಸ್ಕಲ್ ಮನೋರಿಯವನು. ಮಾಲಾಡಿನಿಂದ ಬಸ್ಸು ಹಿಡಿದು ಮಾರ್ವೆಗೆ ಹೋಗಿ, ದೋಣಿಯಲ್ಲಿ ಖಾಡಿ ದಾಟಿದರೆ ಮನೋರಿ. ತೆಂಗಿನ ಮರ, ಮರಳು, ಸಮುದ್ರ. "ಮೇರೀ ಮೌಸೀಕಾ ಘರ್ ಖಾಲೀ ಪಡಾ ಹೈ. ಭಾಡಾ ನಹೀ ಮಾಂಗತಾ. ಏಕ್ ರಾತ್ ರಹಕೇ ಆ" ಎಂದು, ಖಾಲಿ ಬಿದ್ದಿದ್ದ ತನ್ನ ಚಿಕ್ಕಮ್ಮನ ಮನೆಯ ಬೀಗದಕೈಯನ್ನು ಬಾಡಿಗೆಯಿಲ್ಲದೆ ಒಂದು ರಾತ್ರಿಗೆ ಕೊಟ್ಟ. ಅಲ್ಲಿ ವಿದ್ಯುತ್ತಿಲ್ಲ, ದೀಪ ಒಯ್ಯಬೇಕು, ಅಷ್ಟೇ. ಶನಿವಾರ ಅರ್ಧ ದಿನ ರಜೆ. ರೊಟ್ಟಿ ಮನೆಯಿಂದ. ಖರ್ಚೆಂದರೆ ಲೋಕಲ್, ಬಸ್ಸು, ದೋಣಿ. ಇಷ್ಟು ಅಗ್ಗದಲ್ಲಿ ಏಕಾಂತ ಸಿಗುತ್ತದೆಂದು ಚಂದ್ರಾಮ ಕನಸಿನಲ್ಲೂ ಎಣಿಸಿರಲಿಲ್ಲ.

ಕಂದೀಲಿದ್ದದ್ದು ಪಕ್ಕದ ಖೋಲಿಯ ಗುರಲಿಂಗಪ್ಪನ ಹತ್ತಿರ. ಕುರ್ಲಾದ ಕಾರಖಾನೆಯೊಂದರಲ್ಲಿ ಆಳುಗಳ ಮೇಲೆ ಮುಕಾದಮನಾಗಿದ್ದ ಆತ ಚಾಳಿಗೂ ತಾನೇ ಮುಕಾದಮ ಎಂದು ತಿಳಿದಿದ್ದ.

"ಕಂದೀಲ ಯಾಕೋ? ಲೈಟ್ ಹೋಗಿಲ್ಲಲ್ಲ?"

"ಸ್ವಲ್ಪ ಕೆಲಸ ಐತ್ರಿ, ಕಾಕಾ."

"ಬಲ್ಬ್ ಕಂಪನಿಯಾಂವ ಕಂದೀಲ ಕೇಳಾಕ ಬರತಾನಂದ್ರ ಅದು ಸ್ವಲ್ಪ ಕೆಲಸ ಅಲ್ಲ. ಎಲ್ಲಿಗೆ ಹೊಂಟಿ, ಹೇಳು."

ಚಂದ್ರಾಮನಿಗೆ ಸುಳ್ಳು ಹೇಳಿ ರೂಢಿಯಿಲ್ಲ. "ಮನೋರಿಗ್ರಿ" ಎಂದ.

"ನಡುಗಡ್ಡಿಗೆ?" ಎಂದು ಗುರಲಿಂಗಪ್ಪ ಕೂಗಿದ್ದು ಸಂತೋಷಕ್ಕೆ. ಒಳಗಿನಿಂದ ಅವನ ಹೆಂಡತಿ ಶರಣವ್ವ, "ಏನ್ರೀ, ಸಮುದ್ರಕ್ಕ ಹೊಂಟೀವೇನು?" ಎಂದಳು. "ಹೊಂಟೀವೇನು" ಎಂಬ ಆ ಒಂದು ಶಬ್ದ ಕೇಳಿ ಚಂದ್ರಾಮ ಕಂದೀಲು ಎತ್ತಿಕೊಂಡು ಗಡಬಡಿಸಿ ಹೊರಬಿದ್ದ. ನಲ್ಲಿಯ ಹತ್ತಿರ ಪಾಳಿಯಲ್ಲಿ ನಿಂತಿದ್ದ ಕಾಯಿಪಲ್ಯೆ ಮಾರುವ ಹನುಮವ್ವ ಅಲ್ಲಿಂದಲೇ, "ನಾ ಶೇಂಗಾ ಚಟ್ನಿ ತರತೀನಿ" ಎಂದಳು. ಅವನು ಮನೆ ಮುಟ್ಟುವುದರೊಳಗೆ ಕಸ್ತೂರಿಬಾಯಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು.

"ಯಾಕಪ್ಪ ಮೈದುನಾ, ನಮಗ ಹೇಳಲಾರದ ಹೋಗಾಂವ ಇದ್ದೇನು? ನಿಮ್ಮಣ್ಣಗೂ ರಜಾ ಐತಿ."

ನೀಲಾ ತಲೆ ತಗ್ಗಿಸಿ ನಕ್ಕಳೋ, ನಿಟ್ಟುಸಿರುಬಿಟ್ಟಳೋ ಚಂದ್ರಾಮನಿಗೆ ಕಾಣಲಿಲ್ಲ.

ಇಲ್ಲಿ ನಮ್ಮ ಚಾಳಿನ ಒಂದು ರೀತಿಯನ್ನು ಹೇಳಬೇಕು. ಊರಿನಿಂದ ಯಾರಾದರೂ ಬಂದು ಯಾರ ಮನೆಯಲ್ಲಾದರೂ ಇದ್ದೇ ಇರುತ್ತಿದ್ದರು. ದವಾಖಾನೆಗೆಂದು, ಕೆಲಸ ಹುಡುಕಲೆಂದು, ಸುಮ್ಮನೆ ಮುಂಬಯಿ ನೋಡಲೆಂದು. ಗ್ಯಾಲರಿಯಲ್ಲಿ ಗಂಟು ಇಟ್ಟುಕೊಂಡು ಕುಳಿತ ಹಿರಿಯರನ್ನು, ನೀವು ಯಾರ ಪೈಕಿ ಎಂದು ಕೇಳುವಂತಿರಲಿಲ್ಲ. ಕೇಳಿದರೆ ಅವರು ಉಂಡ ರೊಟ್ಟಿ ಎಣಿಸಿದಂತೆ. ಆ ಮನೆಯವರು ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದರು.

ಆದ್ದರಿಂದ ಎಲ್ಲರೂ ಹೊರಟಾಗ, ಮೆಟ್ಟಿಲ ಮೇಲೆ ಕುಳಿತಿದ್ದ ಮಾಸಿದ ಹಸಿರು ಸೀರೆಯ ಅಜ್ಜಿಯೊಬ್ಬಳು ಗಂಟು ಎತ್ತಿಕೊಂಡು ಜೊತೆಗೆ ನಡೆದಾಗ ಯಾರೂ ಏನೂ ಕೇಳಲಿಲ್ಲ. "ಬರ್ರಿ ಆಯಿ, ಸಾವಕಾಶ" ಎಂದು ದಾರಿ ಬಿಟ್ಟರು. ಕಾಂಪೌಂಡಿನ ಬಾಗಿಲಲ್ಲಿ ನಾನೂ ಆಕೆಯನ್ನು ಕಂಡೆ. ಹನುಮವ್ವನ ಅಕ್ಕ ಇರಬೇಕು ಎಂದುಕೊಂಡೆ.

ಲೋಕಲ್ಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುರಲಿಂಗಪ್ಪ ಒಂದು ಕಾಲಿನ ಮೇಲೆ ಕೊಕ್ಕರೆಯಂತೆ ನಿಂತು, ಸಮುದ್ರದ ಅಲೆಗಳಿಗೆ ಅಂಜಬಾರದು ಎಂದು ಎಲ್ಲರಿಗೂ ಧೈರ್ಯ ಹೇಳುತ್ತಿದ್ದ. ಅಜ್ಜಿಗೆ ಮಾತ್ರ ಕಿಟಕಿಯ ಹತ್ತಿರ ಸೀಟು ಸಿಕ್ಕಿತ್ತು. ಅವಳ ಪಕ್ಕದ ಸೀಟು ಮಾಲಾಡಿನವರೆಗೂ ಖಾಲಿಯೇ ಇತ್ತು. ಶನಿವಾರ ಮಧ್ಯಾಹ್ನದ ಲೋಕಲ್ಲಿನಲ್ಲಿ ಖಾಲಿ ಸೀಟು! ಅದಕ್ಕಿಂತ ದೊಡ್ಡ ಅಪಶಕುನ ಮುಂಬಯಿಯಲ್ಲಿಲ್ಲ. ಆದರೆ ಅಂದು ಅದು ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಮಾರ್ವೆಯಲ್ಲಿ ದೋಣಿಯವನು ಬೆರಳು ಮಾಡಿ ತಲೆ ಎಣಿಸಿದ. ಗುರಲಿಂಗಪ್ಪನೂ ಎಣಿಸಿದ. ದೋಣಿಯವನ ಎಣಿಕೆಯಲ್ಲಿ ಒಂದು ತಲೆ ಕಡಿಮೆ ಬಂತು.

"ಸುಮ್ನ ಕೂಡ್ರಿ" ಎಂದು ಗುರಲಿಂಗಪ್ಪ ಎಲ್ಲರಿಗೂ ಕಣ್ಣು ಮಿಟುಕಿಸಿದ. "ಒಬ್ಬರದು ಉಳೀತು. ಇದಕ್ಕಂತಾರ ವ್ಯವಹಾರ!"

ಚಂದ್ರಾಮನೊಬ್ಬನೇ ಆಗ ಹೌಹಾರಿದ್ದು. ಅಜ್ಜಿ ದೋಣಿಯ ತುದಿಯಲ್ಲಿ ಕುಳಿತಿದ್ದಳು. ಶರಣವ್ವ ಕುಳಿತಾಗ ದೋಣಿ ಆ ಕಡೆ ವಾಲಿತ್ತು. ಅಜ್ಜಿ ಕುಳಿತಾಗ ಅದು ಮಿಸುಕಿರಲೂ ಇಲ್ಲ. ಆದರೆ ಬಲ್ಬುಗಳೂ ಹಗುರವೇ ಎಂದು ಅವನು ಸಮಾಧಾನ ಮಾಡಿಕೊಂಡ. ಆಯುಷ್ಯದಲ್ಲಿ ಮೊದಲ ಸಲ ತೆಂಗಿನ ಸಾಲು ನೀರಿನಿಂದ ಏಳುವುದನ್ನು ನೀಲಾ ಬಾಯಿ ತೆರೆದು ನೋಡುತ್ತಿದ್ದಳು. ಆ ಮುಖ ನೋಡಿ ಅವನ ಗಂಟಲಲ್ಲಿದ್ದ ಪ್ರಶ್ನೆ ತುಟಿಯವರೆಗೆ ಬಂತು. ಅಷ್ಟರಲ್ಲಿ ಹನುಮವ್ವ, "ಚಟ್ನಿ ಡಬ್ಬಿ ನಿನ್ನ ಕಾಲಾಗ ಐತಿ, ಹುಷಾರೋ" ಎಂದಳು. ಪ್ರಶ್ನೆ ಕೆಳಗಿಳಿಯಿತು.

ಪಾಸ್ಕಲ್ಲನ ಮೌಸಿಯ ಮನೆ ದಂಡೆಯ ಹತ್ತಿರವೇ ಇತ್ತು. ಸುತ್ತ ಹಗ್ಗದ ಮೇಲೆ ಬೊಂಬಿಲು ಮೀನು ಒಣಗಲು ಹಾಕಿದ್ದರು. ಶರಣವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡವಳು ಮಾತಾಡಲು ಸಹ ತೆಗೆಯಲಿಲ್ಲ. ಹೆಂಚಿನ ಮನೆ, ಒಂದೇ ಕೋಣೆ. ನಡುವೆ ಎದೆಯೆತ್ತರದ ಅರ್ಧ ಗೋಡೆ. ಅದನ್ನು ನೋಡಿ ಚಂದ್ರಾಮನಿಗೆ ಪರದೆಯ ನೆನಪಾಯಿತು.

ಅಜ್ಜಿ ಯಾರನ್ನೂ ಕೇಳದೆ ಒಳಗೆ ಹೋದಳು. ಬಾವಿ ಎಲ್ಲಿದೆ ಎಂದು ಯಾರಿಗೂ ಗೊತ್ತಾಗುವ ಮೊದಲೇ ಹಿತ್ತಿಲಲ್ಲಿ ಗಡಗಡೆಯ ಸದ್ದು ಕೇಳಿಸಿತು. ನೀರು ತುಂಬಿದ ಕೊಡ ಹೊಸ್ತಿಲಲ್ಲಿ ಬಂದು ಕುಳಿತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲರೂ ಅಂಗಳದಲ್ಲಿ, ಅಜ್ಜಿ ಹೊಸ್ತಿಲ ಹತ್ತಿರ ಊಟಕ್ಕೆ ಕುಳಿತರು. ರೊಟ್ಟಿ ಬಡಿಸುತ್ತಿದ್ದ ಶರಣವ್ವ ಕಸ್ತೂರಿಬಾಯಿಗೆ ಮೆಲ್ಲಗೆ ಹೇಳಿದಳು:

"ನಿಮ್ಮ ಆಯಿ ಏನೂ ಮುಟ್ಟವಲ್ಲಳು ನೋಡು. ಮೆತ್ತಗ ಅನ್ನಾ ಕಲಸಿ ಕೊಡಬೇಕಾಗಿತ್ತು."

"ನಮ್ಮ ಆಯಿ? ನಿಮ್ಮಾಕಿ ಅಲ್ಲೇನ ಆಕಿ?"

"ನಮ್ಮಾಕಿ ಯಾಕಾಗತಾಳ? ಹನುಮವ್ವಾ, ನಿಮ್ಮಕ್ಕಗ ಹಲ್ಲಿಲ್ಲೇನು?"

"ನನಗ ಅಕ್ಕನ ಇಲ್ಲಲ್ಲಬೇ!" ಎಂದಳು ಹನುಮವ್ವ.

ಖಂಡಪ್ಪ ತುತ್ತು ಕೈಯಲ್ಲೇ ಹಿಡಿದು ಕೇಳಿದ: "ನೀಲಾ, ನಿನ್ನ ತವರಿನಾಕಿ… ಅಲ್ಲೇನು?"

"ಅಲ್ಲರಿ ಭಾವಾರ. ನಾ ಇವತ್ತ ಮೊದಲ ಸಲ ನೋಡೀನಿ."

ಎಲ್ಲರೂ ಒಟ್ಟಿಗೆ ಹೊಸ್ತಿಲ ಕಡೆ ತಿರುಗಿದರು. ಎಲೆ ಇತ್ತು, ಎಲೆಯ ಮೇಲಿನ ರೊಟ್ಟಿ ಇತ್ತು. ಅಜ್ಜಿ ಇರಲಿಲ್ಲ. ಮರಳಿನ ಮೇಲೆ ಎಲ್ಲರ ಹೆಜ್ಜೆಗಳಿದ್ದವು. ಅಜ್ಜಿ ಕುಳಿತಿದ್ದಲ್ಲಿಂದ ಎದ್ದುಹೋದ ಹೆಜ್ಜೆ ಒಂದೂ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ಬಿಳಿಚಿಕೊಂಡವನು ಖಂಡಪ್ಪ. ಏಕೆಂದು ಆಗ ಯಾರಿಗೂ ತಿಳಿಯಲಿಲ್ಲ.

"ದೆವ್ವ!" ಎಂದಳು ಹನುಮವ್ವ.

ಚಂದ್ರಾಮನಿಗೂ ಭಯವಾಗಿತ್ತು. ಆದರೆ ಎಂಟು ತಿಂಗಳಿನಿಂದ ಅವನಿಗೆ ದೆವ್ವಕ್ಕಿಂತ ಪರದೆಯ ಭಯವೇ ಹೆಚ್ಚು. ದಾರಿ ತಪ್ಪಿದ ಯಾವುದೋ ಮುದುಕಿ, ಮೀನುಗಾರರ ಮನೆಗೆ ಹೋಗಿರಬೇಕು ಎಂದು ಒಂದು ಕ್ಷಣ ಯೋಚಿಸಿದ. ಮರುಕ್ಷಣ, ಜನ್ಮದಲ್ಲಿ ಮೊದಲ ಸಲ ಒಂದು ಒಳ್ಳೆಯ ಸುಳ್ಳು ಹೇಳಿದ.

"ಪಾಸ್ಕಲ್ ಮೊದಲ ಹೇಳಿದ್ದ. ಸಂಜಿ ಆದ್ರ ಈ ಮನ್ಯಾಗ ಒಬ್ಬರು ಹೆಚ್ಚಿಗಿ ಇರತಾರ ಅಂತ."

ಸಮುದ್ರದ ಅಲೆಗಳಿಗೆ ಅಂಜಬಾರದೆಂದಿದ್ದ ಗುರಲಿಂಗಪ್ಪ ಎಲ್ಲರಿಗಿಂತ ಮುಂದೆ ಓಡಿದ. ಅವನ ಒಂದು ಚಪ್ಪಲಿ ಮರಳಿನಲ್ಲೇ ಉಳಿಯಿತು. ದಂಡೆಯಲ್ಲಿ ಕೊನೆಯ ದೋಣಿ ಹೊರಡುವುದರಲ್ಲಿತ್ತು.

"ನೀವಿಬ್ಬರು?" ಎಂದು ಕಸ್ತೂರಿಬಾಯಿ ದೋಣಿಯಿಂದಲೇ ಕೂಗಿದಳು.

"ಮನಿ ಕೀಲಿ ಹಾಕಿ ಬರಬೇಕ್ರಿ ವೈನಿ. ಕೊಟ್ಟಾಂವ ನಂಬಿ ಕೊಟ್ಟಾನ. ನೀವು ನಡೀರಿ, ನಾವು ಮುಂಜಾನಿ ಬರತೀವಿ!"

ದೋಣಿಯವರೆಲ್ಲ ಅವನನ್ನು ಯುದ್ಧಕ್ಕೆ ಹೋಗುವವನನ್ನು ನೋಡುವಂತೆ ನೋಡಿದರು. ದೋಣಿ ಸಣ್ಣದಾಗುತ್ತ ಆಗುತ್ತ ಚಟ್ನಿ ಡಬ್ಬಿಯಷ್ಟಾಯಿತು, ಮತ್ತೆ ಕಾಣಲಿಲ್ಲ.

ಮನೆಗೆ ಬಂದು ಕಂದೀಲು ಹಚ್ಚಿದ. ಹೊರಗೆ ನೀರಿನ ಸದ್ದು, ತೆಂಗಿನ ಗರಿಗಳ ಸದ್ದು. ಕೆಮ್ಮುವವರಿಲ್ಲ, ಪಾತ್ರೆ ತೊಳೆಯುವವರಿಲ್ಲ. ಎಂಟು ತಿಂಗಳಲ್ಲಿ ಕೇಳದ ಒಂದು ಸದ್ದು ಕೇಳಿಸಿತು: ನೀಲಾಳ ಬಳೆಗಳದು.

"ಅಂಜಿಕಿ ಬರತೈತೇನು?" ಎಂದು ಕೇಳಿದ.

"ನೀವಿದ್ದೀರಲ್ರಿ" ಎಂದಳು.

ಇದಕ್ಕಿಂತ ಒಳ್ಳೆಯ ಸಂದರ್ಭ ಬರಲಾರದು. ಚಂದ್ರಾಮ ಗಂಟಲು ಸರಿಮಾಡಿಕೊಂಡ.

"ಒಂದ ಮಾತ ಕೇಳತೀನಿ, ಖರೇ ಹೇಳಬೇಕು. ಅವತ್ತ ಎಲ್ಲಾರೂ ಹೂಂ ಅಂದ್ರು, ನಿನ್ನ ಯಾರೂ ಕೇಳಲಿಲ್ಲ. ನಾ… ನಿನಗ ಸೇರತೀನೇನು?"

ನೀಲಾ ತಲೆಯೆತ್ತಿದಳು. ಕಂದೀಲಿನ ಬೆಳಕಿನಲ್ಲಿ ಅವಳ ಕಣ್ಣು ಹೊಳೆಯುತ್ತಿದ್ದವು. ತುಟಿ ತೆರೆದಳು.

"ಹೂಂ ಅನ್ನವ್ವ, ಪಾಪ" ಎಂದಿತು ಅರ್ಧ ಗೋಡೆಯಾಚೆಯಿಂದ ಒಂದು ಗೊಗ್ಗರು ದನಿ. "ಪರದೆದ ಹಿಂದ ಎಷ್ಟ ದಿನದಿಂದ ಬಾಯಿ ತಗದು ಮುಚ್ಚಾಕತ್ತಾನ."

"ಆತ್ರಿ ವೈನಿ, ನೀವು ಮಲಗ್ರಿ" ಎಂದ ಚಂದ್ರಾಮ, ರೂಢಿಯಂತೆ.

ಆಮೇಲೆ ಅವನಿಗೆ, ವೈನಿ ಕೊನೆಯ ದೋಣಿಗೆ ಹೋದದ್ದು ನೆನಪಾಯಿತು.

ಅವರಿಬ್ಬರೂ ಮನೆಯಿಂದ ದಂಡೆಗೆ ಹೇಗೆ ಬಂದರೆಂದು ಇಬ್ಬರಿಗೂ ಗೊತ್ತಿಲ್ಲ. ಕೀಲಿ ಹಾಕಲಿಲ್ಲ, ಕಂದೀಲು ತರಲಿಲ್ಲ. ಬೆಳಗಿನ ದೋಣಿಯವರೆಗೆ ಮೀನಿನ ಬುಟ್ಟಿಗಳ ನಡುವೆ ಕುಳಿತಿದ್ದರು. ಸುತ್ತ ಮೀನುಗಾರ ಕೋಳಿ ಜನಾಂಗದ ಹೆಂಗಸರು ನೆರೆದು, ಊರು ಯಾವುದು, ಮಕ್ಕಳೆಷ್ಟು, ಇನ್ನೂ ಏಕಿಲ್ಲ ಎಂದು ವಿಚಾರಿಸುತ್ತಿದ್ದರು. ಅಲ್ಲಿಯೂ ಏಕಾಂತವಿರಲಿಲ್ಲ.

ಭಾನುವಾರ ಖೋಲಿಗೆ ಬಂದವನೇ ಚಂದ್ರಾಮ ಅತ್ತಿಗೆಗೆ ಕೈಮುಗಿದ.

"ವೈನಿ, ಇನ್ನ ಮುಂದ ರಾತ್ರಿ ಪರದೆದ ಆಚೆಯಿಂದ ಉತ್ತರಾ ಕೊಡಬ್ಯಾಡ್ರಿ. ನನ್ನ ಎದಿ ತಡಿಯಾಂಗಿಲ್ಲ."

"ಉತ್ತರಾ? ನಾನ?" ಕಸ್ತೂರಿಬಾಯಿ ಸಿಟ್ಟಿಗೆದ್ದಳು. "ಹಾಸಗಿಗೆ ಬೆನ್ನ ಹತ್ತಿದ್ರ ನನಗ ಲೋಕದ ಖಬರ ಇರೂದಿಲ್ಲ. ನಾ ಒಂದ ದಿನಾ ಉತ್ತರಾ ಕೊಟ್ಟಿಲ್ಲಪ್ಪ. ಕೇಳು ನಿಮ್ಮಣ್ಣನ್ನ!"

ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಖಂಡಪ್ಪ ಹೇಳಿದ:

"ನಸಕಿನ್ಯಾಗ ಡ್ಯೂಟಿಗೆ ಏಳೂಮುಂದ ಪರದೆದ ಬಾಜೂಕ ಯಾರೋ ಮಲಗಿರತಿದ್ರು. ಹಸರ ಸೀರಿ. ನೀಲಾನ ತವರಿನ ಹಿರ್ಯಾರು ಅಂತ ತಿಳದಿದ್ದೆ. ಯಾರ ಪೈಕಿ ಅಂತ ಕೇಳಿದ್ರ ನೀ ಬ್ಯಾಸರ ಮಾಡ್ಕೋತಿ ಅಂತ, ಕಾಲ ತಗಲದಂಗ ದಾಟಿ ಹೋಗತಿದ್ದೆ."

ಅಷ್ಟರಲ್ಲಿ ಪಕ್ಕದ ಖೋಲಿಯಿಂದ ಗುರಲಿಂಗಪ್ಪ ಕೂಗಿದ: "ಚಂದ್ರಾಮ, ಕಂದೀಲ ತಂದು ಮೊಳೀಗೆ ಹಾಕಿದ್ದು ಚಲೋ ಆತು. ಗ್ಲಾಸ್ ಸೈತ ಒರಸೀಯಲ್ಲೋ!"

ಅದನ್ನು ಯಾರು ತಂದರೆಂದು ನಾನು ಎಲ್ಲರನ್ನೂ ಕೇಳಿದ್ದೇನೆ. ಪಾಸ್ಕಲ್ಲನಂತೂ ತಂದಿರಲಿಲ್ಲ.

ಮುಂದೆ ಒಂದು ದಿನ, ನೀಲಾ ಏನು ಉತ್ತರ ಕೊಟ್ಟಳು ಎಂದು ಚಂದ್ರಾಮನನ್ನು ಸಂಕೋಚದಿಂದ ಕೇಳಿದೆ.

"ಇನ್ನ ಹೇಳಿಲ್ರಿ" ಎಂದ.

"ಯಾಕ?"

"ಆಯಿ ಮಲಗಲಿ ಅಂತ ಇಬ್ಬರೂ ಕಾಯಾಕತ್ತೀವಿ."

ಆ ಅಜ್ಜಿ ಯಾರ ಪೈಕಿ ಎಂಬುದು ನನಗೆ ಗೊತ್ತಿಲ್ಲ.