ಮುಖ ಕಾಣುವ ಸುತ್ತು

ನಮ್ಮವರ ಎಡ ಮಂಡಿಗೆ ನಾನು ಯಾವ ದ್ರೋಹವನ್ನೂ ಮಾಡಿಲ್ಲ ಎಂದೇ ನಂಬಿದ್ದೆ.

‘ಅಣ್ಣ ಓಡಿದರೆ ಆಮೆಗೂ ನಗು’ ಎಂದು ನಾದಿನಿ ಆಡಿಕೊಂಡಳು. ರೋಷಕ್ಕೆ ಇವರೂ ಅವಳ ಜೊತೆ ಊರಿನ ಓಟಕ್ಕೆ ಹೆಸರು ಕೊಟ್ಟರು. ಓಟದವರು ಇಬ್ಬರಿಗೂ ಒಂದೊಂದು ನೀಲಿ ಅಂಗಿ ಕೊಟ್ಟರು. ಇವರು ಬೆಳಿಗ್ಗೆ ಉದ್ಯಾನದ ಸುತ್ತ ಓಡುವುದು, ಅದರ ಮೂಲೆಯಲ್ಲಿರುವ ನಮ್ಮ ಮನೆಯ ಅಡುಗೆಮನೆ ಕಿಟಕಿಯಲ್ಲಿ ನಾನು ಕಣ್ಣು ಮುಚ್ಚಿ ಇವರನ್ನು ದೇವರಿಗೆ ಒಪ್ಪಿಸುವುದು, ಹೀಗೆ ನಡೆದಿತ್ತು.

ಅಷ್ಟರಲ್ಲಿ ಮಂಡಿ ಮುನಿಸಿಕೊಂಡಿತು. ನಮ್ಮವರು ಮೆಟ್ಟಿಲಿಳಿದರೆ ಮಹಾರಾಜರು ಸಿಂಹಾಸನ ಇಳಿದಷ್ಟು ಹೊತ್ತು. ಚಪ್ಪಲಿ ಅಂಗಡಿಯವರು ಬೂಟು ಸವೆದಿದೆ ಎಂದರು. ಪಕ್ಕದ ಮನೆಯವರು ವಯಸ್ಸು ಎಂದರು. (ಆ ದಿನ ಇವರು ಊಟ ಸರಿಯಾಗಿ ಮಾಡಲಿಲ್ಲ.) ನಾನು ಎಲ್ಲರ ಮಾತೂ ಕೇಳಿದೆ. ಕೇಳುವುದೊಂದೇ ನಾನು ಕಲಿತ ವಿದ್ಯೆ.

ಕೊನೆಗೆ ನಾದಿನಿಯೇ ಫಿಸಿಯೋಥೆರಪಿಯ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು.

‘‘ದಿನಾ ಒಂದೇ ದಿಕ್ಕಿಗೆ ಸುತ್ತುತ್ತೀರಾ? ಯಾಕೆ?’’

ಇವರು ಫ್ಯಾನು ನೋಡಿದರು. ನಾನೇ ಹೆಮ್ಮೆಯಿಂದ ಹೇಳಿದೆ, ‘‘ನಾನು ಹೇಳಿದ್ದು ಡಾಕ್ಟ್ರೇ. ಹಾಗೆ ಬಂದರೆ ಕಿಟಕಿಗೆ ಮುಖ ಕಾಣುತ್ತೆ. ಬೆನ್ನು ನೋಡ್ಕೊಂಡು ಹೇಗೆ ಪ್ರಾರ್ಥನೆ ಮಾಡೋದು?’’

‘‘ಅಮ್ಮಾ, ನೀರು ಹರಿಯಲಿ ಅಂತ ಆ ರಸ್ತೇನ ಒಂದು ಕಡೆ ವಾಲಿಸಿದ್ದಾರೆ. ದಿನಾ ಒಂದೇ ದಿಕ್ಕಿಗೆ ಓಡಿದರೆ ಒಂದೇ ಕಾಲು ತಗ್ಗಿಗೆ ಬೀಳುತ್ತೆ. ಇವರು ದೂರಾನೂ ಒಮ್ಮೆಲೇ ಹೆಚ್ಚಿಸಿದ್ದಾರೆ, ತೊಡೇಲಿ ಬಲ ಸಾಲದು. ಎಲ್ಲಾ ಸೇರಿ ಮಂಡಿ ಮೇಲೆ ಬಂತು.’’ ಆಮೇಲೆ ಮೆಲ್ಲಗೆ, ‘‘ದೇವರಿಗೆ ಬೆನ್ನೂ ಗುರುತು ಸಿಗುತ್ತೆ’’ ಎಂದರು.

ನಾದಿನಿ ನನ್ನ ಕಿವಿಯಲ್ಲಿ, ‘‘ಅತ್ತಿಗೆ, ನೀವು ಇಷ್ಟು ದಿನ ಬೇಡಿಕೊಂಡಿದ್ದು ನಾನು ಗೆಲ್ಲಲಿ ಅಂತಾನಾ?’’

ವಿಶ್ರಾಂತಿ, ವ್ಯಾಯಾಮ ಎಲ್ಲ ಆಯಿತು. ಓಟಕ್ಕೆ ಇನ್ನೂ ಸಮಯವಿತ್ತು. ಇವರು ಮೆಲ್ಲಗೆ ಮತ್ತೆ ಶುರು ಮಾಡಿದರು, ಒಂದು ದಿನ ಮುಖ ಕಾಣುವ ಸುತ್ತು, ಒಂದು ದಿನ ಬೆನ್ನು ಕಾಣುವ ಸುತ್ತು.

ನಿನ್ನೆ ಬೆನ್ನಿನ ಸರದಿ. ಕಿಟಕಿಯಾಚೆ ನೀಲಿ ಅಂಗಿ ಕಂಡದ್ದೇ ಕಣ್ಣು ಮುಚ್ಚಿ, ಎಡ ಮಂಡಿ, ಬಲ ಮಂಡಿ, ತೊಡೆ ಎಂದು ಒಂದೊಂದನ್ನೂ ಹೆಸರು ಹಿಡಿದು ಬೇಡಿಕೊಂಡೆ. ಇಷ್ಟು ಮನಸ್ಸಿಟ್ಟು ಎಂದೂ ಬೇಡಿರಲಿಲ್ಲ.

‘‘ಯಾರಿಗೆ ಇಷ್ಟೊಂದು?’’ ಹಿಂದಿನಿಂದ ನಮ್ಮವರ ದನಿ. ಬನಿಯನ್ನಿನಲ್ಲಿ ನಿಂತಿದ್ದರು.

‘‘ನೀವಿನ್ನೂ ಹೊರಟಿಲ್ವಾ?’’

‘‘ಅಂಗಿ ಒಗೆದು ಹಾಕಿದ್ದು ನೀನೇ ಅಲ್ವಾ? ಇನ್ನೂ ಒಣಗಿಲ್ಲ. ಅಲ್ಲಿ ಹೋಗ್ತಿರೋದು ನನ್ನ ತಂಗಿ.’’

ಮತ್ತೆ ಕಿಟಕಿಯಾಚೆ ನೋಡಿದೆ. ನಾದಿನಿ ಜಿಂಕೆಯ ಹಾಗೆ ತಿರುವು ದಾಟುತ್ತಿದ್ದಳು. ಈ ಸಲ ದೇವರು ತಡಮಾಡಿರಲಿಲ್ಲ.