ಗದ್ದ ಮೇಲೆತ್ತಿದ ಊರು

ನಮ್ಮ ಊರು ಒಂದು ಮಧ್ಯಾಹ್ನ ಪೂರ್ತಿ ನಿಂತುಹೋಗಿತ್ತು. ಬಸ್ಸು ನಿಂತಿತು, ಚೌಕದ ಗಡಿಯಾರ ನಿಂತಿತು, ಮರದಿಂದ ಉದುರಿದ ಎಲೆ ನೆಲ ಮುಟ್ಟದೆ ಮೊಳದಷ್ಟು ಮೇಲೆಯೇ ನಿಂತಿತು. ಸೂರ್ಯ ಕೂಡ ಮುಂದೆ ಹೋಗಲೋ ಬೇಡವೋ ಎಂದು ನನ್ನ ಮುಖ ನೋಡಿದ. ನಾನೇ "ಸ್ವಲ್ಪ ಇರಪ್ಪ" ಎಂದು ಕೈಸನ್ನೆ ಮಾಡಿದೆ. ನಂಬದವರು ಸೂರ್ಯನನ್ನೇ ಕೇಳಿಕೊಳ್ಳಬಹುದು.

ನನ್ನದು ಕ್ಷೌರದಂಗಡಿ. ಗೋಡೆಗೆ ಗೋಡೆ ತಾಗಿಕೊಂಡು ಫೋಟೋ ಸ್ಟುಡಿಯೋ. ಅದರ ಯಜಮಾನರಿಗೆ ಊರು ಇಟ್ಟ ಹೆಸರು ಗದ್ದದಣ್ಣ. "ಗದ್ದ ಮೇಲೆ... ಹಲ್ಲು ಒಳಗೆ... ಅಲ್ಲಾಡಬೇಡಿ" ಎಂದು ಹೇಳಿ ಹೇಳಿ ಸಂಪಾದಿಸಿದ ಹೆಸರು. ಶಾಲೆಗೆ ಸೇರುವಾಗ, ಕೆಲಸಕ್ಕೆ ಅರ್ಜಿ ಹಾಕುವಾಗ, ಪಾಸ್‌ಪೋರ್ಟ್ ಮಾಡಿಸುವಾಗ ಅವರ ಮುಂದೆ ಉಸಿರು ಬಿಗಿಹಿಡಿದು ಕೂರದ ಪ್ರಾಣಿ ಊರಲ್ಲಿಲ್ಲ. ಒಂದು ಬೆಕ್ಕೂ ಕೂತಿದೆ. ಅದಕ್ಕೆ ಯಾವ ದೇಶಕ್ಕೆ ಹೋಗಬೇಕಿತ್ತೋ ನಾನು ಕೇಳಲಿಲ್ಲ.

ಎಲ್ಲ ಕಷ್ಟ ಶುರುವಾದದ್ದು ಒಂದು ಸೀನಿನಿಂದ. ಅವತ್ತು ಬೆಳಿಗ್ಗೆ ಹೆಡ್‌ಮಾಸ್ತರರು ಫೋಟೋಕ್ಕೆ ಕೂತಿದ್ದರು. ಅವರ ಬೆನ್ನ ಹಿಂದೆ ಸ್ಟುಡಿಯೋದ ಹಳೇ ಪರದೆ: ಬಣ್ಣದಲ್ಲಿ ಬರೆದ ಹಿಮದ ಬೆಟ್ಟ, ಕೆರೆ, ಎರಡು ಹಂಸ. ಪರದೆಯ ಧೂಳು ಮೂಗಿಗೆ ಏರಿ ಮಾಸ್ತರರು ಸೀನಿದರು ನೋಡಿ, ಮೂರು ಬೀದಿ ಆಚೆ ಒಣಗಿದ್ದ ಬಟ್ಟೆ ಹಗ್ಗ ಬಿಟ್ಟು ಹೋಯಿತು! ಬೆಟ್ಟ ಮೇಲಿನಿಂದ ಕೆಳಗಿನವರೆಗೆ ಎರಡು ಹೋಳಾಗಿ, ಒಂದು ಹಂಸ ಮಾಸ್ತರರ ತಲೆಯ ಮೇಲೆ ಬಂದು ಕೂತಿತು.

ಸದ್ದಿಗೆ ಮಹಡಿಯಿಂದ ಅತ್ತಿಗೆ ಇಳಿದು ಬಂದರು. ಗದ್ದದಣ್ಣನ ಹೆಂಡತಿ. ಸ್ಟುಡಿಯೋದ ಕೋಣೆ ಅವರ ತವರಿನದು, ಹಾಗಾಗಿ ಕೊನೆಯ ಮಾತೂ ಅವರದೇ. ಹಿಂದೆಯೇ ಅವರ ತಮ್ಮ. ಅವನು ತಳ್ಳುಗಾಡಿಯಲ್ಲಿ ಮೊಬೈಲ್ ಕವರ್ ಮಾರುವವನು, ಆ ಕೋಣೆಯ ಮೇಲೆ ಬಹಳ ದಿನದಿಂದ ಕಣ್ಣು.

"ಭಾವ, ಸಾಕು ಬಿಡಿ. ಈಗೆಲ್ಲ ಜನ ಮುಖಾನ ಅವರೇ ತೆಕ್ಕೋತಾರೆ. ನಾಳೆ ಬೆಳಿಗ್ಗೆ ನನ್ನ ಶೆಲ್ಫು ತಂದಿಡ್ತೀನಿ."

"ಏ, ಬಾಯ್ಮುಚ್ಚೋ," ಎಂದರು ಅತ್ತಿಗೆ. ಆಮೇಲೆ ಗಂಡನ ಕಡೆ ತಿರುಗಿ, "ರೀ, ಅವನು ಹೇಳೋದ್ರಲ್ಲಿ ತಪ್ಪೇನಿದೆ? ಇವತ್ತು ಸಂಜೆಯೊಳಗೆ ಇಲ್ಲಿ ಹೊಸ ಪರದೆ ಇರ್ಬೇಕು, ಅದನ್ನ ನೋಡಿ ಜನ ಒಳಗೆ ಬರ್ಬೇಕು. ಇಲ್ಲಾಂದ್ರೆ ನಾಳೆ ಶೆಲ್ಫು ಬರತ್ತೆ. ಆಮೇಲೆ ನನ್ನ ಅನ್ಬೇಡಿ."

ತಲೆಯಿಂದ ಹಂಸವನ್ನು ಇಳಿಸಿಕೊಳ್ಳುತ್ತ ಮಾಸ್ತರರು ಹೇಳಿದರು: "ನಮ್ಮೂರಲ್ಲಿಲ್ಲದ ಬೆಟ್ಟ ಯಾಕ್ರೀ ನಮಗೆ? ಚೌಕದ್ದೇ ಒಂದು ಒಳ್ಳೇ ಫೋಟೋ ತೆಗೀರಿ. ಬ್ಯಾನರ್ ಅಂಗಡಿಯವನು ಬಟ್ಟೆ ಮೇಲೆ ಹಾಕ್ಕೊಡ್ತಾನೆ."

ಗದ್ದದಣ್ಣ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಹೊರಟೇಬಿಟ್ಟರು. ಒಬ್ಬರೇ ಹೋಗಿ ಕೆಟ್ಟಾರೆಂದು ನಾನೂ ಹೊರಟೆ, ಗಿರಾಕಿಯೊಬ್ಬನ ಅರ್ಧ ಗಡ್ಡವನ್ನು ದೇವರ ಮೇಲೆ ಭಾರ ಹಾಕಿ.

ನಿಮಗೊಂದು ಗುಟ್ಟು ಹೇಳಬೇಕು. ಮಹಡಿಯಲ್ಲಿ ಮನೆ, ಕೆಳಗೆ ಸ್ಟುಡಿಯೋ. ಮೆಟ್ಟಿಲೇ ಆ ಮನುಷ್ಯ ಕಂಡ ಬೀದಿ. ಊರಿನ ಪ್ರತಿಯೊಬ್ಬರ ಎರಡೂ ಕಿವಿ ಅವರಿಗೆ ಬಾಯಿಪಾಠ. ಆದರೆ ಅಂಗಿಯ ಮೂರನೇ ಗುಂಡಿಯಿಂದ ಕೆಳಗೆ ಯಾರನ್ನೂ ನೆಟ್ಟಗೆ ನೋಡಿದವರಲ್ಲ. ಬೇಕರಿಯ ಮುಂದೆ ಬಂದವರು ಹಾವು ಕಂಡವರ ಹಾಗೆ ನಿಂತರು.

"ಲೋ ತಮ್ಮಾ, ಇವನ ಕೈ ನೋಡೋ!"

ಬೇಕರಿಯವನು ಹಿಟ್ಟು ನಾದುತ್ತಿದ್ದ. ಮೊಣಕೈವರೆಗೆ ಬಿಳಿ. ಹಿಟ್ಟನ್ನು ಎತ್ತಿ ಬಡಿಯುತ್ತಿದ್ದ, ಮಡಚುತ್ತಿದ್ದ, ಮಗುವಿನ ಬೆನ್ನು ಸವರಿದ ಹಾಗೆ ಸವರುತ್ತಿದ್ದ.

"ಎಷ್ಟು ಸಲ ನನ್ನ ಮುಂದೆ ಕೂತಿದಾನೆ, ಇಂಥ ಕೈ ಇದೆ ಅಂತ ಒಂದ್ಸಲಾನೂ ಹೇಳ್ಲಿಲ್ವಲ್ಲೋ!"

ಮುಂದೆ ಹೋದಂತೆ ಅವರಿಗೆ ಹುಚ್ಚೇ ಹಿಡಿಯಿತು. ಬ್ಯಾಂಕಿನ ಅಮ್ಮನವರು ಸೈಕಲ್ಲು ತುಳಿಯುವ ರಭಸ ನೋಡಿ ಚಪ್ಪಾಳೆ ತಟ್ಟಿದರು. ಅಂಗಡಿಗಳ ತಲೆಯ ಮೇಲೆ ಕಿಟಕಿಗಳಿವೆ, ಕಿಟಕಿಗಳಲ್ಲಿ ಗಿಡಗಳಿವೆ ಎಂದು, ಆ ಕಿಟಕಿಯವರಿಗೇ ಕೂಗಿ ಹೇಳಿದರು. ದಾರಿಯಲ್ಲಿ ಹೋಗುವವರ ಬೆನ್ನು ನೋಡಿ, "ಈ ಕಿವಿ ನಂಗೊತ್ತು! ಇದು ಪೋಸ್ಟ್‌ಮ್ಯಾನ್! ಓಹೋ, ಇವನು ಹೀಗೆ ಕುಣೀತಾ ನಡೀತಾನಾ?" ಎಂದು ಬೆರಗಾದರು. ಹುಟ್ಟಿದೂರಿಗೆ ಅವತ್ತು ನೆಂಟರಾಗಿ ಬಂದವರ ಹಾಗಿತ್ತು ಅವರ ಮುಖ.

ಎಡವಟ್ಟು ಇದ್ದದ್ದು ಕ್ಯಾಮೆರಾ ಎತ್ತುವುದರಲ್ಲಿ. ಕಣ್ಣಿಗೆ ಹಿಡಿದರೋ ಇಲ್ಲವೋ, ಬೇಕರಿಯವನು ಹಿಟ್ಟು ಬಿಟ್ಟು ಕೈ ಬೆನ್ನಿಗೆ ಕಟ್ಟಿ, ಗದ್ದ ಮೇಲೆತ್ತಿ, ಹಲ್ಲು ಒಳಗೆಳೆದು ಕಂಬವಾದ. ಬ್ಯಾಂಕಿನ ಅಮ್ಮನವರು ಸೈಕಲ್ಲಿನಿಂದಿಳಿದು ಎರಡೂ ಕಿವಿ ಕಾಣುವಂತೆ ಕೂದಲು ಸರಿಸಿಕೊಂಡರು. ಪೋಸ್ಟ್‌ಮ್ಯಾನ್ ಕುಣಿಯುವ ಕಾಲು ಜೋಡಿಸಿದ.

"ಅಯ್ಯೋ, ಸುಮ್ನೆ ನಿಮ್ಮ ಕೆಲ್ಸ ಮಾಡ್ಕೊಳ್ರಪ್ಪ!" ಎಂದು ಗದ್ದದಣ್ಣ ಬೇಡಿಕೊಂಡರು.

"ಹೂಂ," ಎಂದ ಬೇಕರಿಯವನು, ತುಟಿ ಅಲ್ಲಾಡಿಸದೆ.

ಗೋಡೆಯ ಮರೆಯಿಂದ ನೋಡಿದ್ದಾಯಿತು. ತರಕಾರಿ ಬುಟ್ಟಿಯ ಹಿಂದೆ ಕೂತದ್ದಾಯಿತು, ತರಕಾರಿಯವಳು ಬುಟ್ಟಿಯನ್ನೇ ಪಕ್ಕಕ್ಕೆ ಸರಿಸಿ, "ನೀವು ಬಗ್ಗಿದ್ರೆ ನನ್ನ ಗದ್ದ ಎಲ್ಲಿ ಕಾಣತ್ತಣ್ಣ?" ಎಂದು ಕೇಳಿದಳು. ಕೊನೆಗೆ ನನ್ನ ಮಾತಿನಂತೆ ಕ್ಯಾಮೆರಾಕ್ಕೆ ಟವೆಲು ಹೊದಿಸಿದೆವು. ಅದರೊಳಗೆ ಗಾಯವಾದ ಪಾರಿವಾಳ ಇದೆಯೆಂದು ಒಂದು ಬೀದಿ ಜನ ಕಾಳು, ನೀರು, ಸಲಹೆ ಹಿಡಿದು ಬೆನ್ನಟ್ಟಿದರು.

ಅವರನ್ನೆಲ್ಲ ಬಾಲದಂತೆ ಎಳೆದುಕೊಂಡು ಚೌಕಕ್ಕೆ ಬಂದಾಗ ಹೊತ್ತು ಇಳಿಯುತ್ತಿತ್ತು. ಬ್ಯಾನರ್ ಅಂಗಡಿಯವನು ಆಗಲೇ ಕಸ ಗುಡಿಸಿ ಬಾಗಿಲು ಎಳೆಯುತ್ತಿದ್ದ. ಗದ್ದದಣ್ಣ ಟವೆಲು ಕಿತ್ತೆಸೆದು ಕ್ಯಾಮೆರಾ ಎತ್ತಿದರು. ಟ್ರಾಫಿಕ್ ಪೊಲೀಸಿನವನು ಕಂಡ. ಬಸ್ಸಿಗೆ ದಾರಿ ತೋರುತ್ತಿದ್ದ ಕೈ ಎರಡನ್ನೂ ತೊಡೆಗೆ ಅಂಟಿಸಿ ನೆಟ್ಟಗೆ ನಿಂತ. ಬಸ್ಸು ನಿಂತಿತು. ಅದರ ಹಿಂದೆ ಲಾರಿ, ಲಾರಿಯ ಹಿಂದೆ ಆಂಬುಲೆನ್ಸ್, ಅದರೊಳಗಿನ ರೋಗಿಯೂ ಗದ್ದ ಎತ್ತಿದ. ಸಾಲು ಸಮುದ್ರದವರೆಗೆ ಹೋಯಿತು. ಹಡಗುಗಳು ಹಾರ್ನ್ ಹೊಡೆದವು. ತಳ್ಳುಗಾಡಿ ದೂಡಿಕೊಂಡು "ಭಾವ, ಮನೆಗೆ ನಡೀರಿ, ಮಾನ ಹೋಗ್ತಿದೆ!" ಎಂದು ಬಂದ ಬಾಮೈದ ಕೂಡ ಕ್ಯಾಮೆರಾ ಕಂಡದ್ದೇ ಹಲ್ಲು ಒಳಗೆಳೆದುಕೊಂಡ. ಇಡೀ ಚೌಕ ಒಂದು ಪಾಸ್‌ಪೋರ್ಟ್ ಫೋಟೋ!

ಗದ್ದದಣ್ಣನ ಕಣ್ಣಲ್ಲಿ ನೀರು. "ನಾನೇ ಕಲಿಸಿದ್ದಲ್ವೇನೋ ಇದನ್ನ? ಈ ಊರನ್ನ ಮರ ಮಾಡಿದವನು ನಾನೇ."

ಆಗಲೇ ನಾನು ಅವರ ಕಿವಿಯ ಹತ್ತಿರ ಹೋಗಿ ಒಂದು ಉಪಾಯ ಹೇಳಿದ್ದು. ಸ್ಟುಡಿಯೋದಲ್ಲಿ ಮನುಷ್ಯ ಮನುಷ್ಯನಾಗುವುದು ಯಾವಾಗ? ಫೋಟೋ ತೆಗೆದು ಅವರು "ಆಯ್ತು" ಎಂದ ಮೇಲೆ. ಅಲ್ಲಿಯವರೆಗೆ ಹಿಡಿದಿಟ್ಟ ಉಸಿರು, ನಗು, ಕೆಮ್ಮು, ಕೆರೆತ ಎಲ್ಲ ಆಗ ಒಟ್ಟಿಗೆ ಹೊರಬೀಳುತ್ತವೆ.

ಗದ್ದದಣ್ಣ ಕಣ್ಣೊರೆಸಿಕೊಂಡರು. "ಗದ್ದ ಮೇಲೆ!" ಎಂದು ಗುಡುಗಿದರು. ಊರು ಇನ್ನಷ್ಟು ಬಿಗಿಯಿತು. "ಆಯ್ತು!" ಎಂದರು.

ಊರು ಉಸಿರು ಬಿಟ್ಟಿತು. ಆ ಗಾಳಿಗೆ ಬ್ಯಾನರ್ ಅಂಗಡಿಯ ಬಾಗಿಲು ತಾನಾಗಿ ತೆರೆದುಕೊಂಡಿತು. ತರಕಾರಿಯವಳು ಹೊಟ್ಟೆ ಹಿಡಿದು ನಕ್ಕಳು, ಬೇಕರಿಯವನು ಬಿಳಿಗೈಯಿಂದ ತಲೆ ಕೆರೆದುಕೊಂಡ, ಪೋಸ್ಟ್‌ಮ್ಯಾನ್ ಕುಣಿದ, ಪೊಲೀಸಿನವನು ಪಿಳ್ಳೆಯೊಂದಕ್ಕೆ ತನ್ನ ಸೀಟಿ ಊದಲು ಕೊಟ್ಟ, ಬಾಮೈದ ಬೆನ್ನು ಕೆರೆಯಲು ಮೊಬೈಲ್ ಕವರ್ ಹುಡುಕಿದ. ಗದ್ದದಣ್ಣ ಆಗ ಕ್ಲಿಕ್ಕಿಸಿದರು.

ದೀಪ ಹಚ್ಚುವ ಹೊತ್ತಿಗೆ ಪರದೆ ಗೋಡೆಗೆ ಬಂತು. ಎಂಥ ಪರದೆ! ಕೈ, ಕಾಲು, ನಗು, ಕಿಟಕಿ, ಗಿಡ, ಇಳಿಬಿಸಿಲು. ಸುದ್ದಿ ಬೀದಿ ಬೀದಿ ಹಬ್ಬಿ ಸ್ಟುಡಿಯೋ ತುಂಬಿ, ಮೆಟ್ಟಿಲು ತುಂಬಿ, ನನ್ನ ಅಂಗಡಿಯೂ ತುಂಬಿತು. ಗದ್ದದಣ್ಣ ಹೊಸ ಅಂಗಿ ತೊಟ್ಟು ಕ್ಯಾಮೆರಾದ ಹಿಂದೆ ನಿಂತರು.

"ಬನ್ನಿ, ಕೂತ್ಕೊಳ್ಳಿ. ಈ ಕಡೆ ತಿರುಗಿ."

ಯಾರೂ ತಿರುಗಲಿಲ್ಲ.

"ನಾನೆಲ್ಲಿದೀನಿ?" "ಅಗೋ, ನನ್ನ ಕಾಲು!" "ಏ, ಆಚೆ ಸರಿಯೋ, ನನ್ನ ಹೆಂಡ್ತಿ ನಕ್ಕಿದ್ದು ನೋಡ್ಬೇಕು!" ಊರಿಗೆ ಊರೇ ಪರದೆಗೆ ಮುಖ, ಕ್ಯಾಮೆರಾಕ್ಕೆ ಬೆನ್ನು. ಸ್ಟೂಲಿನ ಮೇಲೆ ಕೂತ ಹೆಡ್‌ಮಾಸ್ತರರೂ ಅದನ್ನು ತಿರುಗಿಸಿಕೊಂಡೇ ಕೂತಿದ್ದರು. ಅಂಥ ಪರದೆಯ ಮುಂದೆ ಯಾವ ಮೂರ್ಖ ಬೆನ್ನು ತಿರುಗಿಸಿ ಕೂರುತ್ತಾನೆ? ಒಂದೇ ಒಂದು ಫೋಟೋ ಆಗಲಿಲ್ಲ.

ಬಾಮೈದ ಮಾತ್ರ ಕೆಟ್ಟವನಲ್ಲ, ಚುರುಕು. ಇಷ್ಟು ಜನರನ್ನು ಕಂಡವನೇ ತಳ್ಳುಗಾಡಿಯ ಪೆಟ್ಟಿಗೆ ತಂದು ಬಾಗಿಲಲ್ಲೇ ಬಿಚ್ಚಿದ. ನೋಡಲು ಬಂದವರೆಲ್ಲ ಒಂದೊಂದು ಕವರ್ ಕೊಂಡು ಹೋದರು.

ಅತ್ತಿಗೆ ಸೊಂಟಕ್ಕೆ ಕೈಯಿಟ್ಟು ತೀರ್ಪು ಕೊಟ್ಟರು: "ಪರದೆ ಇರ್ಲಿ. ಶೆಲ್ಫೂ ಬರ್ಲಿ. ರೀ, ನಿಮ್ಮ ಸ್ಟೂಲು ಆ ಮೂಲೆಗೆ."

ಗದ್ದದಣ್ಣನಿಗೆ ಮೂಲೆಯಲ್ಲೂ ನಿಲ್ಲಲು ಜಾಗ ಸಿಗಲಿಲ್ಲ. ಜನರ ಬೆನ್ನುಗಳನ್ನು ಒಂದು ಗಳಿಗೆ ನೋಡಿದರು, ಒಬ್ಬೊಬ್ಬರದೂ ಬೇರೆ ಬೇರೆ ಎಂದು ಆಗಷ್ಟೇ ತಿಳಿದವರ ಹಾಗೆ. ಕ್ಯಾಮೆರಾ ಕೊರಳಿಗೆ ಹಾಕಿಕೊಂಡರು. "ಈ ಹೊತ್ತಲ್ಲಿ ಬೀದಿ ಹೇಗಿರತ್ತೋ ನೋಡೇ ಇಲ್ಲ," ಎಂದು ಶಿಳ್ಳೆ ಹಾಕುತ್ತ ಹೊರಗೆ ಹೋದರು.

ಯಜಮಾನರಿಲ್ಲದ ಕಡೆ ಯಾರಾದರೂ ಮಾತಾಡಬೇಕಲ್ಲ. ನಾನು ಸ್ಟೂಲಿನ ಮೇಲೆ ಹತ್ತಿ, ಉಪಾಯ ಹೇಳಿಕೊಟ್ಟದ್ದು, ಸಮುದ್ರ, ಹಡಗು, ಸೂರ್ಯ ಎಲ್ಲ ವಿವರಿಸುತ್ತಿದ್ದೆ. ಅತ್ತಿಗೆ ದೀಪವನ್ನು ಪರದೆಯ ಎಡಮೂಲೆಗೆ ಹಿಡಿದರು.

"ಹೌದಾ ಮಾರಾಯ? ಉಪಾಯ ನಿಂದಾ? ಹಾಗಾದ್ರೆ ಕಂಬದ ಪಕ್ಕ ಇರೋ ಇವನ್ಯಾರು?"

ಎಲ್ಲರೂ ಬಗ್ಗಿ ನೋಡಿದರು. ನಗುವ, ಕೆರೆಯುವ, ಕುಣಿಯುವ ಆ ಇಡೀ ಊರಿನ ಮಧ್ಯೆ ಒಬ್ಬನೇ ಒಬ್ಬ ಗದ್ದ ಮೇಲೆತ್ತಿ, ಹಲ್ಲು ಒಳಗೆಳೆದು, ಕಣ್ಣುಗುಡ್ಡೆ ಹೊರಬರುವ ಹಾಗೆ ಉಸಿರು ಹಿಡಿದು ನಿಂತಿದ್ದ.

ಇನ್ನೇನು ಮುಚ್ಚಿಡಲಿ? ಸೂರ್ಯ ನನ್ನನ್ನು ಏನೂ ಕೇಳಲಿಲ್ಲ. ಬಸ್ಸು ನಿಂತದ್ದು ಬಸ್ ಸ್ಟಾಪಿನಲ್ಲಿ. ಉಪಾಯ ಗದ್ದದಣ್ಣನದೇ. ಅವರು "ಆಯ್ತು" ಎಂದದ್ದು ನನಗೆ ಕೇಳಿಸಲೇ ಇಲ್ಲ. ಪರದೆಯಲ್ಲಿ ನಾನು ಚೆನ್ನಾಗಿ ಬೀಳಬೇಕೆಂಬ ಚಿಂತೆಯಲ್ಲಿ ಕಿವಿಯೂ ಬಿಗಿದುಕೊಂಡಿತ್ತು. ಇಷ್ಟನ್ನೂ ಒಪ್ಪಿಕೊಂಡು ತಲೆ ತಗ್ಗಿಸಿದೆ.

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. "ಆಯ್ತು ಬಿಡಪ್ಪಾ," ಎಂದರು.

ಆಗ ನಾನು ಉಸಿರು ಬಿಟ್ಟೆ.