ಕ್ಯಾರಿಯರ್ ಇಲ್ಲದ ಸೈಕಲ್ಲು

ಮೊಮ್ಮಗಳು ಸವಿತಾ ಸೈಕಲ್ಲಿನಿಂದ ಬಿದ್ದದ್ದು ನಾಯಿ ಅಡ್ಡ ಬಂದು ಅಲ್ಲ. ನಾನು ಕರೆದೆ, ಅವಳು ಬಿದ್ದಳು. ಕರೆದರೆ ಬೀಳುತ್ತಾಳೆ ಎಂದು ತಿಳಿದೇ ಕರೆದೆ. ನಮ್ಮ ಹೊಳವನಹಳ್ಳಿಯಲ್ಲಿ ಮಾತ್ರ ನಾಯಿಯ ಕತೆಯೇ ಓಡಾಡುತ್ತಿದೆ. ಬಿದ್ದವಳನ್ನು ನೋಡಲು ಬಂದ ನಾಯಿಗೆ ಎರಡು ಏಟೂ ಬಿದ್ದವು.

ವಯಸ್ಸಾದವರಿಗೆ ಮಾತು ಜಾಸ್ತಿ ಎನ್ನುತ್ತಾರೆ. ಮಾತು ಎಲ್ಲರಿಗೂ ಅಷ್ಟೇ ಇರುತ್ತದೆ. ನಮ್ಮದು ಖರ್ಚಾಗದೆ ಉಳಿದಿರುತ್ತದೆ. ಮನೆಯಲ್ಲಿ ಐದು ಜನ ಇದ್ದೇವೆ. ನಾಲ್ಕು ಜನ ಎಂಟಕ್ಕೆ ಕೆಲಸಕ್ಕೆ ಹೊರಡುತ್ತಾರೆ, ಸಂಜೆ ಬಂದು ನಾಲ್ಕು ಫೋನು ಹಿಡಿದು ಕೂರುತ್ತಾರೆ. ಅದಕ್ಕೇ ನಾನು ಬೆಳಗ್ಗೆ ಎದ್ದು ಊರಾಚೆಯ ಹೊರೆಗಲ್ಲಿನ ಹತ್ತಿರ ಹೋಗಿ ನಿಲ್ಲುತ್ತೇನೆ. ಹಿಂದೆ ಸೌದೆ, ಹುಲ್ಲು ಹೊತ್ತ ಹೆಂಗಸರು ಆ ಕಲ್ಲಿನ ಮೇಲೆ ಹೊರೆ ಇಳಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು, ಅತ್ತೆಯರನ್ನು ಒಂದಿಷ್ಟು ಬೈದು ಮುಂದೆ ಹೋಗುತ್ತಿದ್ದರು. ಈಗ ಹೊರೆಯೆಲ್ಲ ಟೆಂಪೋದಲ್ಲಿ ಹೋಗುತ್ತದೆ. ಕಲ್ಲಿಗೆ ಒರಗುವುದು ನಾನೊಬ್ಬಳೇ.

ಸವಿತಾ ಹೈಸ್ಕೂಲಿನಲ್ಲಿ ಪಿಟಿ ಮೇಡಂ. ಬೆಳಗ್ಗೆ ಹಳೇ ಸೈಕಲ್ಲಿನಲ್ಲಿ ಕೊರಟಗೆರೆವರೆಗೆ ಹೋಗಿ ಬರುವಾಗ ಕಲ್ಲಿನ ಹತ್ತಿರ ನಿಂತು, ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಮನೆಗೆ ತರುತ್ತಿದ್ದಳು. ಆ ಹತ್ತು ನಿಮಿಷ ನಾನು ಅವಳ ಬೆನ್ನಿಗೆ ಮಾತಾಡುತ್ತಿದ್ದೆ. ಬೆನ್ನು ಹೂಂ ಅನ್ನುತ್ತಿತ್ತು. ಅಷ್ಟು ಸಾಕಿತ್ತು.

ಆಮೇಲೆ ಹೊಸದು ಬಂತು. ಮೊದಲು ನೀರಿನಲ್ಲಿ ಈಜಿ, ಆಮೇಲೆ ಸೈಕಲ್ ತುಳಿದು, ಕೊನೆಗೆ ಓಡುವ ಪಂದ್ಯವಂತೆ. ಅದಕ್ಕೆಂದೇ ಮಾಡಿದ ಸೈಕಲ್ಲು. ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲೂ ಇಲ್ಲ. ಹ್ಯಾಂಡಲ್ಲಿನಿಂದ ಎತ್ತಿನ ಕೊಂಬಿನಂತೆ ಎರಡು ಸರಳು ಮುಂದಕ್ಕೆ ಚಾಚಿವೆ. ಮೊಣಕೈ ಊರಿ ಅವನ್ನು ಹಿಡಿದು, ಕಡಲೆಕಾಯಿ ಹೊಲದಲ್ಲಿ ಕಳೆ ತೆಗೆಯುವವಳ ಹಾಗೆ ಬಗ್ಗಿ ತುಳಿಯಬೇಕು. ನಾನು ಜೀವಮಾನವೆಲ್ಲ ಹಾಗೆ ಬಗ್ಗಿದೆ, ಯಾರೂ ಪದಕ ಕೊಡಲಿಲ್ಲ. ಇನ್ನು ಬೂಟು. ಅದು ಪೆಡಲಿಗೆ ಕಚ್ಚಿಕೊಳ್ಳುತ್ತದೆ.

"ನಿಲ್ಸೋಕ್ ಮುಂಚೆ ಹಿಮ್ಮಡೀನ ಆಚೆಗ್ ತಿರುಗಿಸಿ ಬೂಟ್ ಬಿಡಿಸ್ಕೋಬೇಕು ಕಣಜ್ಜಿ. ಮರ್ತ್ರೆ ಹಂಗೇ ಮಗ್ಗುಲಿಗೆ ಬೀಳೋದೇ" ಎನ್ನುತ್ತ ಅಂಗಳದಲ್ಲಿ ನನ್ನ ಭುಜ ಹಿಡಿದು ಕಲಿತಳು. ಒಂದು ವಾರ ನಾನೇ ಅದಕ್ಕೆ ಸ್ಟ್ಯಾಂಡು. ಕಲಿತ ಮೇಲೆ ಕಲ್ಲಿನ ಮುಂದೆಯೇ ತಲೆ ಎತ್ತದೆ ಹೋಗತೊಡಗಿದಳು. ಹತ್ತು ದಿನ ನೋಡಿದೆ. ಹನ್ನೊಂದನೆಯ ದಿನ, "ಲೇ ಸವಿತಾ" ಅಂದೆ. ಹಳೇ ಅಭ್ಯಾಸ, ಬ್ರೇಕು ಹಿಡಿದಳು. ಹಿಮ್ಮಡಿ ಮರೆತಳು.

ಸಂಜೆ ತರಚಿದ ಮೊಣಕೈಗೆ ಅರಿಶಿನ ಹಚ್ಚುವಾಗ, "ನಂಗಿದು ಬರಾಕಿಲ್ಲ ಬುಡಜ್ಜಿ. ಪಂದ್ಯಕ್ಕೂ ಹೋಗಲ್ಲ. ಹಳೇ ಸೈಕಲ್ಲೇ ಸರಿ, ನಾಳೆಯಿಂದ ಕೂರಿಸ್ಕೊಂಡ್ ಬತ್ತೀನಿ" ಅಂದಳು.

ಗೆದ್ದೆ. ಊಟ ಸೇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ಮುದ್ದೆ ಉಂಡೆ. ಉಂಡು ಎದ್ದಾಗ ಅವಳು ಆ ಸೈಕಲ್ಲಿನ ಮಣ್ಣು ಒರೆಸಿ, ನನ್ನ ಹಳೇ ಸೀರೆ ಹೊದಿಸುತ್ತಿದ್ದಳು, ಹೆಣಕ್ಕೆ ಹೊದಿಸಿದ ಹಾಗೆ.

"ನಾನೇ ಬೇಕಂತ ಕರ್ದು ಬೀಳಿಸ್ದೆ ಕಣೇ. ನಿಂಗೆ ಚೆನ್ನಾಗೇ ಬತ್ತದೆ" ಅಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ನಾಲ್ಕು ಮಾತಾದರೂ ಆಗುತ್ತಿತ್ತು. "ಏನ್ ಹೇಳಾಕ್ ಕರ್ದೆ?" ಎಂದು ಕೇಳಿದಳು.

ಹುಡುಕಿದೆ. ಹೇಳುವಂಥದ್ದು ಒಂದೂ ಇರಲಿಲ್ಲ. "ಮರ್ತೋಯ್ತು" ಅಂದೆ.

ಮಾರನೆಯ ಬೆಳಗ್ಗೆ ಅವಳು ಸೀರೆ ತೆಗೆದು ಹೊಸ ಸೈಕಲ್ಲನ್ನೇ ಹತ್ತಿ ಹೊರಟಳು. ನಾನು ನನ್ನ ಬಾಯಿಯನ್ನು ನಂಬದೆ, ಅದರ ತುಂಬ ಎಲೆ ಅಡಿಕೆ ತುರುಕಿಕೊಂಡು ಹೋಗಿ ಕಲ್ಲಿಗೆ ಒರಗಿದೆ. ವಾಪಸ್ಸು ಬರುವಾಗ, ಬಗ್ಗಿದ್ದವಳು ತಲೆ ಎತ್ತಿ, "ಅಜ್ಜೀ, ನೆನಪಾಯ್ತಾ?" ಎಂದು ಕೂಗಿದಳು. ನಾನು ಉಗಿದು ಬಾಯಿ ಖಾಲಿ ಮಾಡಿಕೊಳ್ಳುವಷ್ಟರಲ್ಲಿ ಅವಳು ತಿರುವು ದಾಟಿದ್ದಳು. ತುಟಿ ಒರೆಸಿಕೊಂಡೆ. ಸಂಜೆ ಹೇಳಲು ಏನಾದರೂ ಸಿಗುತ್ತದೋ ಎಂದು ಹುಡುಕುತ್ತ ಮನೆಗೆ ನಡೆದೆ.